ಕೊಡಗಿನ ರಸ್ತೆಗೆ ಸ್ವೇ ಬಾರ್: ಸ್ಪೋರ್ಟ್ಸ್ ಸೆಡಾನ್‌ಗೆ ಆರಿಸುವುದು, ಕೂರಿಸುವುದು ಹೇಗೆ

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವ ಘಾಟಿಯಲ್ಲಿ ಎಂಥ ಸೆಡಾನ್ ಆದರೂ ತನ್ನ ಬಣ್ಣ ತೋರಿಸಿಯೇ ತೀರುತ್ತದೆ. ಎಡಕ್ಕೊಂದು ಬಲಕ್ಕೊಂದು ತಿರುವು ಬೆನ್ನಿಗೆ ಬೆನ್ನಿಗೆ ಬಂದಾಗ ಬಾಡಿ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳುತ್ತದೆ, ಸ್ಟಿಯರಿಂಗ್ ತಿರುಗಿಸಿದ ಮೇಲೂ ಮೂತಿ ಒಂದಿಷ್ಟು ಹೊರಗೇ ತಳ್ಳುತ್ತದೆ, ಹಿಂದಿನ ಸೀಟಿನವರು ಬಾಗಿಲಿಗೆ ಒರಗುತ್ತಾರೆ. ಆಗಲೇ ಸ್ವೇ ಬಾರ್ ಬದಲಿಸುವ ಯೋಚನೆ ತಲೆಗೆ ಹೊಕ್ಕುವುದು. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಸ್ಟೆಬಿಲೈಸರ್, ಪುಸ್ತಕದಲ್ಲಿ ಆ್ಯಂಟಿ ರೋಲ್ ಬಾರ್. ಒಳ್ಳೆಯ ಬದಲಾವಣೆಯೇ ಹೌದು. ಆದರೆ ಅಂಗಡಿಯವರು ಹೇಳುವಂತೆ ಇದು ಗ್ರಿಪ್ ಹೆಚ್ಚಿಸುವ ಸಾಮಾನಲ್ಲ. ಮುಂದಿನ ಚಕ್ರ ಮೊದಲು ಜಾರಬೇಕೋ ಹಿಂದಿನದ್ದೋ ಎಂಬುದನ್ನು ಬದಲಿಸುವ ಸಾಮಾನು. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆಯಾಗಿರುವ ರಸ್ತೆಯಲ್ಲಿ ಈ ವ್ಯತ್ಯಾಸ ತಿಳಿಯದೆ ದುಡ್ಡು ಹಾಕಬೇಡಿ.

ಬಾರ್ ಮಾಡುವ ಕೆಲಸ

ಎಡ ಚಕ್ರದ ಸಸ್ಪೆನ್ಷನ್ನನ್ನೂ ಬಲ ಚಕ್ರದ ಸಸ್ಪೆನ್ಷನ್ನನ್ನೂ ಜೋಡಿಸುವ, ಎರಡೂ ತುದಿ ಬಾಗಿದ ಒಂದು ಸ್ಪ್ರಿಂಗ್ ಸ್ಟೀಲಿನ ಸರಳು, ಅಷ್ಟೇ. ಕಾರು ತಿರುವಿನಲ್ಲಿ ವಾಲಿದಾಗ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋಗುತ್ತದೆ. ಆಗ ಈ ಸರಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಅದರ ಪ್ರತಿರೋಧವೇ ವಾಲುವುದನ್ನು ತಡೆಯುತ್ತದೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ, ಅಂದರೆ ಹಂಪ್‌ಗೆ ನೇರವಾಗಿ ಹತ್ತಿಸಿದರೆ, ಬಾರ್ ತನ್ನನ್ನು ಹಿಡಿದಿರುವ ರಬ್ಬರ್ ತೋಳುಪಟ್ಟಿಗಳೊಳಗೆ, ಅಂದರೆ ಬುಶ್‌ಗಳೊಳಗೆ, ಸುಮ್ಮನೆ ಹೊರಳುತ್ತದೆ, ಏನೂ ಮಾಡುವುದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಅದು ಇನ್ನೊಂದನ್ನೂ ಎಳೆಯುತ್ತದೆ. ಬಾರ್ ದಪ್ಪವಾದಷ್ಟೂ ಈ ಎಳೆತ ಜಾಸ್ತಿ. ಒಂದು ಬದಿ ಡಾಂಬರು ಕಿತ್ತುಹೋದ ಎಸ್ಟೇಟ್ ರಸ್ತೆಯಲ್ಲಿ ದಪ್ಪ ಬಾರ್ ಹಾಕಿದ ಕಾರು ನಿಮ್ಮ ತಲೆಯನ್ನು ಎಡಬಲಕ್ಕೆ ಕುಕ್ಕುವುದು ಇದಕ್ಕೇ.

ಇನ್ನೊಂದು ಮುಖ್ಯ ಮಾತು. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಕಾರಿನ ತೂಕ, ಎತ್ತರ, ಅಗಲ ಮತ್ತು ವೇಗ. ಬಾರ್ ಅದನ್ನು ಹೆಚ್ಚುಕಡಿಮೆ ಬದಲಿಸುವುದೇ ಇಲ್ಲ. ಸರಿದ ಭಾರದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಎಂಬ ಪಾಲು ಮಾತ್ರ ಬದಲಾಗುತ್ತದೆ. ಟೈರಿನ ಸ್ವಭಾವವೇ ಹಾಗೆ: ಮೇಲೆ ಭಾರ ಹೇರಿದಷ್ಟೂ ಗ್ರಿಪ್ ಹೆಚ್ಚುತ್ತದೆ, ಆದರೆ ಹೇರಿದ ಪ್ರಮಾಣದಲ್ಲಿ ಅಲ್ಲ. ಹಾಗಾಗಿ ಯಾವ ತುದಿಗೆ ಗಟ್ಟಿ ಬಾರ್ ಹಾಕುತ್ತೀರೋ ಆ ತುದಿಯ ಒಟ್ಟು ಗ್ರಿಪ್ ತುಸು ಕಡಿಮೆಯಾಗಿ, ಎದುರು ತುದಿಯದ್ದು ತುಸು ಹೆಚ್ಚುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಂದೆ ಗಟ್ಟಿ ಬಾರ್ ಹಾಕಿದರೆ ಮೂತಿ ಚುರುಕಾಗುವುದು ಈ ಲೆಕ್ಕದಿಂದ. ಬಾಲ ಬೇಗ ಸಡಿಲವಾಗುವುದೂ ಇದೇ ಲೆಕ್ಕದಿಂದ.

ಕೊಳ್ಳುವ ಮೊದಲು ಕಾರಿನ ಕೆಳಗೊಮ್ಮೆ ನೋಡಿ

ಕಾರು ವಾಲುತ್ತಿದೆ, ತೂಗಾಡುತ್ತಿದೆ ಎನ್ನುವವರಲ್ಲಿ ಅನೇಕರ ಕಾರಿಗೆ ಬೇಕಾಗಿರುವುದು ಹೊಸ ಬಾರ್ ಅಲ್ಲ, ಹೊಸ ಲಿಂಕ್ ರಾಡ್. ಬಾರ್‌ನ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಈ ಪುಟ್ಟ ಕಡ್ಡಿಗಳ ಬಾಲ್ ಜಾಯಿಂಟ್ ಮೇಲಿನ ರಬ್ಬರ್ ಟೋಪಿ ಹರಿದರೆ ಸಾಕು, ಮಳೆಗಾಲದ ಕೆಂಪು ಕೆಸರು ಒಳಗೆ ನುಗ್ಗಿ ಗ್ರೀಸನ್ನು ಅರೆಯುವ ಕಲ್ಲಿನ ಪುಡಿಯಾಗಿಸುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಬಾಲ್ ಜಾಯಿಂಟ್ ತಿರುಗಬೇಕು, ಲೊಡಲೊಡ ಅನ್ನಬಾರದು. ಬಾರ್ ಅನ್ನು ಹಿಡಿದಿರುವ ಬುಶ್‌ಗಳ ರಬ್ಬರ್ ಬಿರಿದಿದೆಯೇ, ಬಾರ್‌ಗೂ ಬುಶ್‌ಗೂ ನಡುವೆ ಹೊಳೆಯುವ ಉಜ್ಜಿದ ಗುರುತು ಇದೆಯೇ ನೋಡಿ. ಶಾಕಪ್‌ನಿಂದ ಎಣ್ಣೆ ಇಳಿದಿದ್ದರೆ ಬಾರ್ ವಿಚಾರವನ್ನೇ ಬಿಡಿ, ಮೊದಲು ಶಾಕಪ್.

ಟೈರಿನ ಮಾತೂ ಅಷ್ಟೇ. ಟ್ರೆಡ್ (ಟೈರಿನ ಮೇಲಿನ ಅಚ್ಚಿನ ಆಳ) 1.6 ಮಿಲಿಮೀಟರಿನ ಗುರುತಿಗೆ ಸವೆಯುವುದು ಕಾನೂನಿನ ಕೊನೆಯ ಗಡಿ. ಕೊಡಗಿನ ಆಷಾಢಕ್ಕೆ 3 ಮಿಲಿಮೀಟರ್ ಉಳಿದಿರುವಾಗಲೇ ಬದಲಿಸುವುದು ಲೇಸು. ಬಾರ್‌ಗೆ ಹಾಕುವ ದುಡ್ಡಿನಲ್ಲಿ ಎರಡು ಒಳ್ಳೆಯ ಟೈರ್ ಬರುತ್ತದೆ ಎಂದಾದರೆ, ಸವೆದ ಟೈರ್ ಇಟ್ಟುಕೊಂಡು ಬಾರ್ ಹಾಕಿಸುವವರನ್ನು ನಾನು ತಡೆಯುತ್ತೇನೆ.

ನಿಮ್ಮ ಕಾರಿನ ಹಿಂಭಾಗ ಯಾವ ಬಗೆಯದು

ನಮ್ಮ ರಸ್ತೆಗಳಲ್ಲಿ ಓಡುವ ಚುರುಕು ಸೆಡಾನ್‌ಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ಹಿಂದೆ ಟಾರ್ಷನ್ ಬೀಮ್ ಇರುವವು: ವರ್ಟಸ್ ಜಿಟಿ, ಸ್ಲಾವಿಯಾ, ಹೋಂಡಾ ಸಿಟಿ, ವರ್ನಾ ಟರ್ಬೊ. ಇವುಗಳಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಬೀಮೇ ತಿರುಚಿಕೊಂಡು ಬಾರ್‌ನ ಕೆಲಸವನ್ನೂ ಮಾಡುತ್ತದೆ. ಇಂಥ ಕಾರುಗಳಿಗೆ ಮಾರುವ ಹಿಂದಿನ ಬಾರ್ ಎಂದರೆ ಬೀಮ್‌ನ ಎರಡು ತೋಳುಗಳ ನಡುವೆ ಬೋಲ್ಟ್ ಹಾಕಿ ಬಿಗಿಯುವ ಹೆಚ್ಚುವರಿ ಸರಳು. ಕೂರಿಸುವುದು ಸುಲಭ, ಪರಿಣಾಮವೂ ಗೊತ್ತಾಗುತ್ತದೆ. ಆದರೆ ಬೀಮ್‌ಗೆ ತೂತು ಕೊರೆಯಬೇಕು, ವೆಲ್ಡ್ ಹೊಡೆಯಬೇಕು ಎನ್ನುವ ಕಿಟ್ ಬೇಡವೇ ಬೇಡ. ದಿನವಿಡೀ ತಿರುಚಿಕೊಳ್ಳುವ ಉಕ್ಕಿಗೆ ತೂತು ಕೊರೆದರೆ ಬಿರುಕು ಶುರುವಾಗುವುದು ಆ ತೂತಿನ ಅಂಚಿನಿಂದಲೇ.

ಎರಡನೆಯದು ಮುಂದಿನ ಚಕ್ರ ಎಳೆಯುವ, ಹಿಂದೆ ಮಲ್ಟಿಲಿಂಕ್ (ಪ್ರತಿ ಹಿಂಚಕ್ರವನ್ನೂ ಹಲವು ಕಡ್ಡಿಗಳಿಂದ ಬೇರೆಬೇರೆಯಾಗಿ ಹಿಡಿಯುವ ಸಸ್ಪೆನ್ಷನ್) ಇರುವವು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಆರ್‌ಎಸ್ 245 ಭಾರತಕ್ಕೆ ಬಂದಿದ್ದೇ 200 ಕಾರು. ಹತ್ತನೇ ತಲೆಮಾರಿನ ಹೋಂಡಾ ಸಿವಿಕ್ ಕೂಡ ಇದೇ ಗುಂಪು. ಬದಲಿ ಬಾರ್‌ನಿಂದ ಹೆಚ್ಚು ಲಾಭ ಸಿಗುವುದು ಇವಕ್ಕೇ, ಈ ಬರಹದ ಬಹುಪಾಲು ಇವುಗಳ ಮೇಲೆಯೇ. ಈ ಕಾರುಗಳಿಗೆ ಹಿಂದಿನ ಬಾರ್ ಒಂದೇ ಸಾಕು. ಮುಂದೆ ಗಟ್ಟಿ ಮಾಡಿದರೆ ಹೇರ್‌ಪಿನ್‌ನಿಂದ ಹೊರಬರುವಾಗ ಒಳಗಿನ ಮುಂಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತದೆ. ಏರು ರಸ್ತೆಯಲ್ಲಿ ಅದು ಇನ್ನೂ ಜಾಸ್ತಿ.

ಮೂರನೆಯದು ಹಿಂದಿನ ಚಕ್ರ ತಳ್ಳುವ ಬಿಎಂಡಬ್ಲ್ಯು 3 ಸೀರೀಸ್ ಥರದವು. ಇಲ್ಲಿ ಲೆಕ್ಕ ತಿರುಗಾಮುರುಗಾ. ಹಿಂದೆ ಮಾತ್ರ ಗಟ್ಟಿ ಬಾರ್ ಹಾಕಿದರೆ ಒಳಗಿನ ಹಿಂಚಕ್ರ ಹಗುರಾಗಿ ಎಳೆತ ಕಳೆದುಕೊಳ್ಳುತ್ತದೆ, ಒದ್ದೆಯಲ್ಲಿ ಬಾಲ ಬೀಸುತ್ತದೆ. ಹಾಕುವುದಾದರೆ ಮುಂದೆ ಹಿಂದೆ ಜೋಡಿಯಾಗಿ, ತಯಾರಕರು ಹೊಂದಿಸಿ ಕೊಟ್ಟ ಸೆಟ್ ಆಗಿಯೇ ಹಾಕಿ.

ಎಷ್ಟು ದಪ್ಪ

ಇಲ್ಲೇ ಜನ ಎಡವುವುದು. 20 ಮಿಲಿಮೀಟರಿನ ಬದಲು 24, ನಾಲ್ಕೇ ಮಿಲಿಮೀಟರ್ ತಾನೆ ಅನ್ನಿಸುತ್ತದೆ. ಆದರೆ ಸರಳಿನ ತಿರುಚು ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 20ರಿಂದ 22ಕ್ಕೆ ಹೋದರೆ ಬಿಗುವು ಸುಮಾರು ಶೇ 46 ಹೆಚ್ಚು. 20ರಿಂದ 24ಕ್ಕೆ ಹೋದರೆ ಎರಡು ಪಟ್ಟಿಗೂ ಮೇಲೆ. 22ರಿಂದ 25ಕ್ಕೆ ಅಂದರೆ ಶೇ 67ರಷ್ಟು. ನಿಮ್ಮ ಕಾರಿನ ಮೂಲ ಬಾರ್‌ನ ಅಳತೆ ಅಂತರ್ಜಾಲದ ಪಟ್ಟಿಯಿಂದ ತೆಗೆದುಕೊಳ್ಳಬೇಡಿ. ಒಂದೇ ಮಾದರಿಯ ಕಾರಿಗೂ ಎಂಜಿನ್ ಮತ್ತು ವರ್ಷ ನೋಡಿ ಬೇರೆ ಬೇರೆ ಬಾರ್ ಬಂದಿರುತ್ತದೆ. ಕೆಸರು ಒರೆಸಿ, ಬುಶ್‌ನ ಪಕ್ಕದಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ನೀವೇ ಅಳೆಯಿರಿ.

ಟೊಳ್ಳು ಬಾರ್ ಬಂದರೆ ಲೆಕ್ಕ ಬೇರೆ. ಹೊರವ್ಯಾಸದ ನಾಲ್ಕನೇ ಘಾತದಿಂದ ಒಳವ್ಯಾಸದ ನಾಲ್ಕನೇ ಘಾತ ಕಳೆಯಬೇಕು. 25 ಮಿಲಿಮೀಟರಿನ, 3.5 ಮಿಲಿಮೀಟರ್ ದಪ್ಪದ ಗೋಡೆಯ ಟೊಳ್ಳು ಬಾರ್ 23 ಮಿಲಿಮೀಟರಿನ ಗಟ್ಟಿ ಬಾರ್‌ಗೆ ಹತ್ತಿರ ಹತ್ತಿರ ಸಮ, ತೂಕ ಮಾತ್ರ ಶೇ 40ಕ್ಕೂ ಹೆಚ್ಚು ಕಡಿಮೆ. ಹಾಗಾಗಿ ಜಾಹೀರಾತಿನ ಮಿಲಿಮೀಟರ್ ನೋಡಿ ಹೋಲಿಸಬೇಡಿ, ಟೊಳ್ಳೋ ಗಟ್ಟಿಯೋ ಕೇಳಿ.

ತುದಿಯಲ್ಲಿ ಎರಡು ಮೂರು ತೂತು ಇರುವ ಬಾರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ತುದಿಯ ತೂತಿಗೆ ಲಿಂಕ್ ಜೋಡಿಸಿದರೆ ತೋಳು (ಬಾರ್‌ನ ಬಾಗಿದ ತುದಿ) ಉದ್ದ, ಬಾರ್ ಮೆದು. ಒಳಗಿನ ತೂತಿಗೆ ಬಂದರೆ ತೋಳು ಗಿಡ್ಡ, ಬಾರ್ ಬಿಗಿ. ತೋಳು 200ರಿಂದ 180 ಮಿಲಿಮೀಟರಿಗೆ ಇಳಿದರೆ ಬಿಗುವು ಸುಮಾರು ಶೇ 23 ಏರುತ್ತದೆ. ಮಳೆಗಾಲಕ್ಕೊಂದು ತೂತು, ಬೇಸಿಗೆಗೊಂದು ತೂತು ಎಂದು ಬದಲಿಸಿಕೊಳ್ಳುವ ಅನುಕೂಲ ಕೊಡಗಿನವರಿಗೆ ಸಿಕ್ಕಷ್ಟು ಬೆಂಗಳೂರಿನವರಿಗೆ ಉಪಯೋಗವಾಗದು.

ನನ್ನ ಸಲಹೆ ಕೇಳಿದರೆ: ಮುಂದಿನ ಚಕ್ರ ಎಳೆಯುವ ಮಲ್ಟಿಲಿಂಕ್ ಕಾರಿಗೆ ಮೂಲ ಬಾರ್‌ಗಿಂತ ಶೇ 40ರಿಂದ 60ರಷ್ಟು ಬಿಗಿಯಾದದ್ದು, ಹೊಂದಿಸಬಹುದಾದದ್ದು, ಹಿಂದೆ ಮಾತ್ರ. ಇದಕ್ಕಿಂತ ಬಿಗಿ ರೇಸ್ ಟ್ರ್ಯಾಕಿಗೆ ಸರಿ. ವಿರಾಜಪೇಟೆಯಿಂದ ಮಾಕುಟ್ಟ ಇಳಿಯುವ ರಸ್ತೆಯ ಗುಂಡಿ, ಪಾಚಿ, ಮರದ ಹನಿಗೆ ಅಲ್ಲ.

ಬುಶ್, ಲಿಂಕ್, ಕಾಲರ್

ಬದಲಿ ಬಾರ್ ಜೊತೆ ಹೆಚ್ಚಾಗಿ ಪಾಲಿಯುರೆಥೇನ್ ಬುಶ್ ಬರುತ್ತದೆ. ರಬ್ಬರಿಗಿಂತ ಗಟ್ಟಿ, ಬಾಳಿಕೆಯೂ ಚೆನ್ನ. ಆದರೆ ಒಣಗಿದರೆ ಹಳೇ ಮನೆಯ ಬಾಗಿಲನ್ನೂ ಮೀರಿಸುವ ಕಿರ್ರೋ ಸದ್ದು. ಬುಶ್ ಹಿಡಿಯುವ ಬ್ರಾಕೆಟ್‌ಗೆ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇರುವ ಕಿಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ನೀರು ಹರಿಯುವ ರಸ್ತೆಯಲ್ಲಿ ಒಂದು ಮಳೆಗಾಲ ಓಡಿದರೆ ಗ್ರೀಸ್ ತೊಳೆದು ಹೋಗಿರುತ್ತದೆ. ಕಿಟ್ ಜೊತೆ ಕೊಟ್ಟ ಸಿಲಿಕಾನ್ ಗ್ರೀಸನ್ನೇ ಬಳಸಿ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಬಾರ್ ಅಡ್ಡಡ್ಡ ಸರಿಯದಂತೆ ಬುಶ್‌ಗಳ ಪಕ್ಕದಲ್ಲಿ ಬಿಗಿಯುವ ಕಾಲರ್ ಇದೆಯೇ ಕೇಳಿ. ಕಂಪನಿ ಬಾರ್‌ನಲ್ಲಿ ಇದು ಅಚ್ಚೊತ್ತಿಯೇ ಬಂದಿರುತ್ತದೆ, ಬದಲಿಯಲ್ಲಿ ಕೆಲವರು ಕೊಡುವುದೇ ಇಲ್ಲ. ಲಿಂಕ್ ಹಳೆಯದಾಗಿದ್ದರೆ ಜೊತೆಗೇ ಹೊಸದು ತರಿಸಿ. ಬಿಗಿ ಬಾರ್ ಹಾಕಿದ ಮೇಲೆ ಲಿಂಕ್ ಮೇಲೆ ಬೀಳುವ ಎಳೆತವೂ ಹೆಚ್ಚು.

ಬ್ರಾಂಡ್ ಅಂದರೆ ಜರ್ಮನಿಯ ಐಬಾಖ್ ಮತ್ತು ಎಚ್ ಅಂಡ್ ಆರ್, ಆಸ್ಟ್ರೇಲಿಯಾದ ವೈಟ್‌ಲೈನ್ ಹೆಸರು ಮಾಡಿದವು. ಟಾರ್ಷನ್ ಬೀಮ್ ಕಾರುಗಳಿಗೆ ಮಲೇಷ್ಯಾದ ಅಲ್ಟ್ರಾ ರೇಸಿಂಗ್. ವಿದೇಶದಿಂದ ತರಿಸಿದರೆ ಬಾರ್‌ನ ಬೆಲೆ ಒಂದು, ಮೀಟರ್ ಉದ್ದದ ಭಾರದ ಪೆಟ್ಟಿಗೆಯ ಸಾಗಣೆ ಮತ್ತೊಂದು, ಸುಂಕ ಇನ್ನೊಂದು. ಮೂರನ್ನೂ ಕೂಡಿಸಿ ಆಮೇಲೆ ಬೆಲೆ ಹೋಲಿಸಿ. ಇನ್ನೊಂದು ಎಚ್ಚರ: ಯುರೋಪಿನಲ್ಲಿ ಅದೇ ಹೆಸರಿನ ಕಾರು ನಾಲ್ಕೂ ಚಕ್ರ ಎಳೆಯುವ ರೂಪದಲ್ಲೂ ಇರಬಹುದು, ಅದರ ಬಾರ್ ನಿಮ್ಮದಕ್ಕೆ ಕೂರದಿರಬಹುದು. ಮೂಲ ಬಾರ್ ಮೇಲಿನ ಪಾರ್ಟ್ ನಂಬರನ್ನು ಮಾರುವವರಿಗೆ ಕಳಿಸಿ ಖಾತ್ರಿ ಮಾಡಿಕೊಳ್ಳಿ.

ಕಾನೂನಿನ ಮಾತು ಚಿಕ್ಕದಾಗಿ: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ನಮೂದಾದ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಸ್ವೇ ಬಾರ್ ಆರ್‌ಸಿಯಲ್ಲಿ ಬರುವ ವಿವರವಲ್ಲ. ಆದರೂ ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರ್‌ನಲ್ಲೂ ಮೊದಲೇ ಕೇಳಿ.

ಜಾಗ ಮತ್ತು ಕಾಲ

ಈ ಕೆಲಸಕ್ಕೆ ಗಟ್ಟಿ ನೆಲ ಬೇಕು. ಮನೆ ಮುಂದಿನ ಮಣ್ಣಂಗಳದಲ್ಲಿ ಕಾರು ಎತ್ತಿದರೆ ಸ್ಟ್ಯಾಂಡ್‌ನ ಕಾಲು ಮೆಲ್ಲಗೆ ಹೂತು ಓರೆಯಾಗುತ್ತದೆ. ಕಾಫಿ ಒಣಗಿಸುವ ಸಿಮೆಂಟಿನ ಕಣ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣ ಕಾಫಿಗೆ ಮೀಸಲು. ಆಗ ಅಲ್ಲಿ ಕಾರು ನಿಲ್ಲಿಸಿ ಗ್ರೀಸ್ ಚೆಲ್ಲಿದರೆ ಮನೆಯ ಹಿರಿಯರಿಂದ ಏನು ಕೇಳಬೇಕಾಗುತ್ತದೋ ಅದನ್ನು ಇಲ್ಲಿ ಬರೆಯಲಾಗದು. ಏಪ್ರಿಲ್ ಮಧ್ಯ ಅಥವಾ ಮಳೆ ಬಿಟ್ಟ ನವೆಂಬರ್ ಸರಿಯಾದ ಸಮಯ. ನೀರು ಹರಿದುಹೋಗಲೆಂದು ಕಣಕ್ಕೆ ಒಂದು ಕಡೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದು, ಒಂದು ಲಿಂಬೆಹಣ್ಣು ಉರುಳಿಸಿದರೆ ಗೊತ್ತಾಗುತ್ತದೆ. ಕಾರಿನ ಮೂತಿ ಇಳಿಜಾರಿನ ಕಡೆಗಿರಲಿ, ಮುಂದಿನ ಚಕ್ರಗಳ ಮುಂದೆ ಹಿಂದೆ ಎರಡೂ ಕಡೆ ಕಟ್ಟಿಗೆ ಕೊಡಿ.

ಬೇಕಾದ ಸಾಮಾನು: 2 ಟನ್‌ಗೆ ಕಡಿಮೆಯಿಲ್ಲದ ಟ್ರಾಲಿ ಜಾಕ್, ಒಂದು ಜೊತೆ ಆ್ಯಕ್ಸಲ್ ಸ್ಟ್ಯಾಂಡ್, ಸಾಕೆಟ್ ಸೆಟ್, ಅಲನ್ ಮತ್ತು ಟಾರ್ಕ್ಸ್ ಬಿಟ್, ತೆಳು ಸ್ಪ್ಯಾನರ್, ಟಾರ್ಕ್ ರೆಂಚ್, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಬಿಳಿ ಪೇಂಟ್ ಪೆನ್, ಅಳತೆ ಟೇಪು. ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕ್ ಪಂಕ್ಚರ್‌ಗೆ ಮಾತ್ರ. ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನ ಟಾರ್ಕ್ ಅಂಕಿ (ಪ್ರತಿ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಅಳತೆ) ಕೈಯಲ್ಲಿರಲಿ. ಜರ್ಮನ್ ಕಾರುಗಳಲ್ಲಿ ಅನೇಕ ಬೋಲ್ಟ್‌ಗಳನ್ನು ಇಷ್ಟು ಬಿಗಿದ ಮೇಲೆ ಇನ್ನಿಷ್ಟು ಡಿಗ್ರಿ ತಿರುಗಿಸಿ ಎಂದು ಹೇಳಿರುತ್ತಾರೆ. ಹಿಗ್ಗಿ ಕೂರುವ ಇಂಥ ಬೋಲ್ಟ್ ಒಮ್ಮೆ ಬಿಚ್ಚಿದ ಮೇಲೆ ಎರಡನೇ ಸಲ ಬಳಸಬಾರದು, ಹೊಸದು ಮೊದಲೇ ತರಿಸಿ. ನೈಲಾನ್ ಇರುವ ನಟ್ಟಿಗೂ ಇದೇ ಮಾತು.

ಹಿಂದಿನ ಬಾರ್ ಬದಲಿಸುವುದು

ಹಿಂದಿನ ರಾತ್ರಿಯೇ ಎಲ್ಲ ನಟ್ಟುಬೋಲ್ಟುಗಳ ಥ್ರೆಡ್ ಮೇಲಿನ ಮಣ್ಣನ್ನು ವೈರ್ ಬ್ರಷ್‌ನಿಂದ ಉಜ್ಜಿ, ಸ್ಪ್ರೇ ಹೊಡೆದು ಬಿಡಿ. ಮಳೆನಾಡಿನ ಕಾರಿನ ತುಕ್ಕು ಬೆಳಿಗ್ಗೆಯ ಅರ್ಧ ಗಂಟೆಗೆ ಜಗ್ಗುವುದಿಲ್ಲ.

ಚಕ್ರದ ಬೋಲ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ. ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಕಾರನ್ನು ಹಿಡಿಯುವುದಿಲ್ಲ, ಹಿಡಿಯುವುದು ಗೇರ್ (ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಅದೂ ಇಲ್ಲ) ಮತ್ತು ಮುಂಚಕ್ರದ ಕಟ್ಟಿಗೆ ಮಾತ್ರ ಎಂಬುದು ನೆನಪಿರಲಿ. ಮ್ಯಾನುಯಲ್ ತೋರಿಸಿದ ಜಾಗದಲ್ಲೇ ಎತ್ತಿ, ಎರಡೂ ಕಡೆ ಒಂದೇ ಎತ್ತರಕ್ಕೆ ಸ್ಟ್ಯಾಂಡ್ ಕೊಟ್ಟು, ಕಾರನ್ನು ಸ್ಟ್ಯಾಂಡ್ ಮೇಲೆ ಇಳಿಸಿ, ಕೈಯಿಂದ ಅಲ್ಲಾಡಿಸಿ ನೋಡಿ. ಜಾಕ್ ಒಂದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

ಎರಡೂ ಚಕ್ರ ಒಟ್ಟಿಗೆ ಎತ್ತುವುದಕ್ಕೆ ಇನ್ನೊಂದು ಕಾರಣವಿದೆ. ಒಂದೇ ಬದಿ ಎತ್ತಿದರೆ ಬಾರ್ ತಿರುಚಿಕೊಂಡು ಒತ್ತಡದಲ್ಲಿರುತ್ತದೆ. ನಟ್ಟು ಬಿಚ್ಚಿದ ಕ್ಷಣ ಲಿಂಕ್ ಸಿಡಿದು ಕೈಗೆ ಬಡಿಯಬಹುದು, ಹೊಸ ಬಾರ್‌ನ ತೂತು ಲಿಂಕ್‌ಗೆ ಹೊಂದುವುದೂ ಇಲ್ಲ. ಎರಡೂ ಸಮನಾಗಿ ಜೋತಾಡುತ್ತಿದ್ದರೆ ಬಾರ್ ಸಡಿಲ, ಕೆಲಸ ಸಲೀಸು.

ಚಕ್ರ ಕಳಚಿ, ಏನನ್ನೂ ಮುಟ್ಟುವ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ಬಾರ್ ಯಾವುದರ ಮೇಲಿಂದ ಹೋಗುತ್ತದೆ, ಯಾವುದರ ಕೆಳಗಿಂದ, ತೋಳು ಮುಂದಕ್ಕೋ ಹಿಂದಕ್ಕೋ, ಬ್ರೇಕ್ ಹೋಸು ಮತ್ತು ಎಬಿಎಸ್ ವಯರು ಎಲ್ಲಿವೆ ಎಲ್ಲವೂ ಕಾಣಬೇಕು. ಹೆಡ್‌ಲೈಟ್ ತಾನಾಗಿ ಏರಿಳಿಯುವ ಕಾರುಗಳಲ್ಲಿ ಹಿಂದಿನ ಸಸ್ಪೆನ್ಷನ್‌ಗೆ ಒಂದು ಪ್ಲಾಸ್ಟಿಕ್ ಕಡ್ಡಿಯ ಸೆನ್ಸರ್ ಇರುತ್ತದೆ. ಮೊಣಕೈ ತಾಗಿದರೆ ಮುರಿಯುವಂಥದ್ದು, ಬೆಲೆ ಕೇಳಿದರೆ ಎದೆ ಝಲ್ಲೆನ್ನುವಂಥದ್ದು.

ಈಗ ಲಿಂಕ್. ಬಾರ್ ತುದಿಯ ನಟ್ಟು ತಿರುಗಿಸಿದಾಗ ಬಾಲ್ ಜಾಯಿಂಟ್‌ನ ಕಂಬಿಯೂ ಜೊತೆಗೇ ಸುತ್ತತೊಡಗುತ್ತದೆ. ಆ ಕಂಬಿಯ ತುದಿಯಲ್ಲಿ ಅಲನ್ ಅಥವಾ ಟಾರ್ಕ್ಸ್ ಕುಳಿ ಇದ್ದರೆ ಅಲ್ಲಿ, ಇಲ್ಲವಾದರೆ ಹಿಂಬದಿಯ ಚಪ್ಪಟೆ ಜಾಗದಲ್ಲಿ ತೆಳು ಸ್ಪ್ಯಾನರ್‌ನಿಂದ ಹಿಡಿದು ನಟ್ಟು ತಿರುಗಿಸಿ. ಕೆಲವು ಗ್ಯಾರೇಜ್‌ಗಳಲ್ಲಿ ಇಂಪ್ಯಾಕ್ಟ್ ಗನ್ ಇಟ್ಟು ಡರ್ರೆಂದು ಬಿಡುತ್ತಾರೆ. ಒಳಗೆ ಬಾಲ್ ಸುತ್ತಿ ರಬ್ಬರ್ ಟೋಪಿ ತಿರುಚಿ ಹರಿಯುತ್ತದೆ, ಮೂರು ತಿಂಗಳಿಗೆ ಲೊಡಲೊಡ ಶುರು. ಹಳೇ ಲಿಂಕನ್ನೇ ಮತ್ತೆ ಹಾಕುವುದಾದರೆ ಬಾರ್ ಕಡೆಯ ನಟ್ಟು ಮಾತ್ರ ಬಿಚ್ಚಿ, ಇನ್ನೊಂದು ತುದಿ ಹಾಗೇ ಇರಲಿ.

ಬ್ರಾಕೆಟ್ ಬೋಲ್ಟುಗಳನ್ನು ಎಡಬಲ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬನ್ನಿ, ಕೊನೆಯದು ಬಿಚ್ಚುವಾಗ ಬಾರ್ ಅನ್ನು ಯಾರಾದರೂ ಹಿಡಿದಿರಲಿ. ಹೊರತೆಗೆಯಲು ಸೈಲೆನ್ಸರ್ ಅಡ್ಡ ಬಂದರೆ ಅದರ ರಬ್ಬರ್ ಹ್ಯಾಂಗರ್‌ಗೆ ಸೋಪುನೀರು ಹಚ್ಚಿ ಕಳಚಿ, ಸೈಲೆನ್ಸರ್ ಜೋತುಬೀಳದಂತೆ ಕೆಳಗೆ ಕಟ್ಟಿಗೆ ಅಥವಾ ಸ್ಟ್ಯಾಂಡ್ ಕೊಡಿ. ಬಾರ್ ಹೊರಬರುವುದು ಒಂದೇ ಒಂದು ಓರೆಯಲ್ಲಿ. ಯಾವ ಓರೆಯಲ್ಲಿ ಬಂತು ಎಂದು ನೋಡಿಟ್ಟುಕೊಳ್ಳಿ, ಹೊಸದು ಒಳಹೋಗುವುದೂ ಹಾಗೆಯೇ.

ಹಳೇದು ಹೊಸದು ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಇಡಿ. ಬಾಗು ಹೊಂದಬೇಕು, ಬುಶ್ ಕೂರುವ ಜಾಗಗಳ ನಡುವಿನ ದೂರ ಒಂದೇ ಇರಬೇಕು, ಹಳೆಯ ತೋಳಿನ ತೂತಿನ ಆಸುಪಾಸಿನಲ್ಲೇ ಹೊಸದರ ತೂತುಗಳೂ ಇರಬೇಕು. ಐದು ಮಿಲಿಮೀಟರ್ ಮೇಲೆ ವ್ಯತ್ಯಾಸ ಕಂಡರೆ ಕೆಲಸ ನಿಲ್ಲಿಸಿ ಮಾರಿದವರನ್ನು ಕೇಳಿ. ಹೇಗೋ ಎಳೆದು ಕೂರಿಸುವ ಸಾಮಾನಲ್ಲ ಇದು.

ಬುಶ್‌ನ ಒಳಮೈಗೂ ಬಾರ್‌ನ ಆ ಜಾಗಕ್ಕೂ ಗ್ರೀಸ್ ಧಾರಾಳವಾಗಿ ಹಚ್ಚಿ, ಬುಶ್‌ನ ಸೀಳಿನಿಂದ ಬಿಡಿಸಿ ಬಾರ್ ಮೇಲೇರಿಸಿ. ಬಾರ್ ಒಳಗೆ ತೂರಿಸಿ ಬ್ರಾಕೆಟ್ ಬೋಲ್ಟುಗಳನ್ನು ಕೈಯಲ್ಲೇ ನಾಲ್ಕು ಸುತ್ತು ಹಿಡಿಸಿ, ಬಿಗಿಯಬೇಡಿ. ಲಿಂಕ್‌ಗಳನ್ನು ಎರಡೂ ಬದಿ ತುದಿಯ ತೂತಿಗೆ, ಅಂದರೆ ಅತಿ ಮೆದು ಸ್ಥಾನಕ್ಕೆ ಜೋಡಿಸಿ. ಈಗ ಬಾರ್ ಅನ್ನು ಮಧ್ಯಕ್ಕೆ ತನ್ನಿ: ಎಡ ತೋಳಿಂದ ಹತ್ತಿರದ ಗಟ್ಟಿ ಭಾಗಕ್ಕೆ ಎಷ್ಟು ದೂರವೋ ಬಲಕ್ಕೂ ಅಷ್ಟೇ ಇರಲಿ. ಟೇಪು ಹಿಡಿದೇ ನೋಡಿ, ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಮಧ್ಯಕ್ಕೆ ಬಂದ ಮೇಲೆ ಕಾಲರ್‌ಗಳನ್ನು ಬುಶ್‌ಗೆ ತಾಗಿಯೂ ತಾಗದ ಹಾಗೆ ಬಿಗಿಯಿರಿ.

ಕೊನೆಯ ಬಿಗಿತ ಸಸ್ಪೆನ್ಷನ್ ತನ್ನ ಭಾರದ ಮೇಲೆ ಕೂತಿರುವಾಗ. ಚಕ್ರ ಹಾಕಿ, ನಾಲ್ಕೂ ಚಕ್ರದ ಕೆಳಗೆ ಒಂದೇ ದಪ್ಪದ ಅಗಲ ಹಲಗೆಗಳನ್ನು ಕೊಟ್ಟು ಕಾರು ಇಳಿಸಿದರೆ ಕೆಳಗೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಇನ್ನೂ ಒಳ್ಳೆಯದು ಗ್ಯಾರೇಜಿನ ನಾಲ್ಕು ಕಂಬದ ಲಿಫ್ಟ್. ಉದ್ದ ಹೊಂದಿಸಬಹುದಾದ ಲಿಂಕ್ ಇದ್ದರೆ ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಒಂದು ಬದಿ ಜೋಡಿಸಿ, ಇನ್ನೊಂದು ಬದಿಯ ಬೋಲ್ಟು ಬೆರಳಿನಿಂದಲೇ ತೂತಿಗೆ ಜಾರುವಷ್ಟು ಲಿಂಕ್‌ನ ಉದ್ದ ತಿರುಗಿಸಿ. ಬಡಿದು ಸೇರಿಸಬೇಕಾಯಿತು ಅಂದರೆ ಬಾರ್ ನೇರ ರಸ್ತೆಯಲ್ಲೂ ತಿರುಚಿಕೊಂಡೇ ಇರುತ್ತದೆ, ಎಡ ತಿರುವು ಒಂದು ಥರ, ಬಲ ತಿರುವು ಇನ್ನೊಂದು ಥರ ಆಗುತ್ತದೆ. ಆಮೇಲೆ ಬ್ರಾಕೆಟ್, ನಂತರ ಲಿಂಕ್, ಮ್ಯಾನುಯಲ್‌ನ ಅಂಕಿಗೆ ಟಾರ್ಕ್ ರೆಂಚ್‌ನಿಂದ ಬಿಗಿದು, ಪ್ರತಿ ನಟ್ಟಿನ ಮೇಲಿಂದ ಲೋಹದವರೆಗೆ ಬಿಳಿ ಪೇಂಟ್‌ನ ಒಂದು ಗೆರೆ ಎಳೆಯಿರಿ. ಮುಂದೆ ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಚಕ್ರದ ಬೋಲ್ಟುಗಳಿಗೂ ಅಷ್ಟೇ, ಆಕ್ಟೇವಿಯಾ ಆರ್‌ಎಸ್ 245ಕ್ಕೆ 120 ನ್ಯೂಟನ್ ಮೀಟರ್.

ಹೊರಡುವ ಮೊದಲು ಚಕ್ರ ಜೋತಾಡುವಾಗಲೂ ಭಾರ ಬಿದ್ದಾಗಲೂ ಬಾರ್ ಯಾವುದಕ್ಕೂ ತಾಗುತ್ತಿಲ್ಲ ಎಂದು ನೋಡಬೇಕು: ಸೈಲೆನ್ಸರ್ ಕೊಳವೆ, ಬ್ರೇಕ್ ಹೋಸು, ಸ್ಪ್ರಿಂಗ್. ಬೆರಳು ತೂರುವಷ್ಟಾದರೂ ಸಂದು ಇರಲಿ. ಬಿಸಿಯಾದಾಗ ಸೈಲೆನ್ಸರ್ ಹಿಗ್ಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಹಿಂದಿನ ಬಾರ್ ಬದಲಿಸಿದ್ದಕ್ಕೆ ವೀಲ್ ಅಲೈನ್‌ಮೆಂಟ್ ಬೇಕಾಗಿಲ್ಲ. ಬೇಕೇ ಬೇಕು ಎಂದು ಬಿಲ್ ಮಾಡುವವರಿಗೆ ಏಕೆ ಎಂದು ಕೇಳಿ.

ಮುಂದಿನ ಬಾರ್

ಎಂಜಿನ್ ಅಡ್ಡವಾಗಿ ಕೂತ ಕಾರುಗಳಲ್ಲಿ ಮುಂದಿನ ಬಾರ್ ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಲೋಹದ ಚೌಕಟ್ಟು) ಮೇಲೆ, ಸ್ಟಿಯರಿಂಗ್ ರ್‍ಯಾಕ್ ಪಕ್ಕದಲ್ಲಿ ಸಿಕ್ಕಿಕೊಂಡಿರುತ್ತದೆ. ತೆಗೆಯಲು ಸಬ್‌ಫ್ರೇಮ್ ಇಳಿಸಬೇಕು, ಎಂಜಿನ್‌ಗೆ ಆಧಾರ ಕೊಡಬೇಕು, ಸ್ಟಿಯರಿಂಗ್ ಜೋಡಣೆ ಗುರುತು ಹಾಕಿ ಬಿಚ್ಚಬೇಕಾಗಬಹುದು, ಮುಗಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಕಣದಲ್ಲಿ ಮಾಡುವ ಕೆಲಸ ಅಲ್ಲ. ಲಿಫ್ಟ್ ಇರುವ, ನಿಮ್ಮ ಕಂಪನಿಯ ಕಾರು ಗೊತ್ತಿರುವ ಮೈಸೂರು ಅಥವಾ ಮಂಗಳೂರಿನ ಗ್ಯಾರೇಜಿಗೆ ಕೊಡಿ. ಮೇಲೆ ಹೇಳಿದಂತೆ ಎರಡನೇ ಗುಂಪಿನ ಕಾರಿಗೆ ಇದರ ಅಗತ್ಯವೇ ಕಡಿಮೆ.

ಓಡಿಸಿ ನೋಡುವುದು

ಮೊದಲ ಓಟ ಘಾಟಿಯಲ್ಲಿ ಬೇಡ. ಕುಶಾಲನಗರದ ಕಡೆಯ ಸಮತಟ್ಟಾದ ರಸ್ತೆಯಲ್ಲಿ ಕಿಟಕಿ ಇಳಿಸಿ, ನಿಧಾನಕ್ಕೆ, ಕಿವಿ ಹಿಂದಕ್ಕಿಟ್ಟು ಓಡಿಸಿ. ಒಂದು ಹಂಪ್‌ಗೆ ನೇರವಾಗಿ, ಇನ್ನೊಂದಕ್ಕೆ ಓರೆಯಾಗಿ ಹತ್ತಿಸಿ. ಓರೆಯಾಗಿ ಹತ್ತಿಸಿದಾಗ ಮಾತ್ರ ಟಕ್ ಎಂದರೆ ಲಿಂಕ್ ಅಥವಾ ಬ್ರಾಕೆಟ್ ಸಡಿಲ. ನೂರು ಕಿಲೋಮೀಟರ್ ಆದ ಮೇಲೆ ಬಿಳಿ ಗೆರೆಗಳನ್ನು ನೋಡಿ, ಟಾರ್ಕ್ ಇನ್ನೊಮ್ಮೆ ಪರೀಕ್ಷಿಸಿ.

ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ತಿರುವುಗಳಲ್ಲಿ, ದಿನಾ ಹೋಗುವ ವೇಗದಲ್ಲೇ ಹೋಗಿ. ವೇಗ ಹೆಚ್ಚಿಸಿ ನೋಡುವ ಪರೀಕ್ಷೆಗೆ ಗದ್ದೆಯ ಆಟೋಕ್ರಾಸ್ ಇದೆ, ಹೆದ್ದಾರಿ 275 ಅಲ್ಲ. ಸರಿಯಾಗಿ ಕೂತಿದ್ದರೆ ಮೊದಲು ಗೊತ್ತಾಗುವುದು ತಿರುವಿನ ಬಾಯಲ್ಲಿ: ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂತಿ ಒಳಕ್ಕೆ ಬರುತ್ತದೆ, ಎಡದಿಂದ ಬಲಕ್ಕೆ ಹೊರಳುವಾಗ ಕಾರು ಒಂದು ಕ್ಷಣ ಕಾಯುವುದಿಲ್ಲ.

ಒದ್ದೆ ರಸ್ತೆಯ ಮಾತು ಬೇರೆಯೇ. ಇಳಿಜಾರಿನ ತಿರುವಿನ ಮಧ್ಯದಲ್ಲಿ ಆ್ಯಕ್ಸಿಲರೇಟರ್‌ನಿಂದ ಕಾಲು ಫಕ್ಕನೆ ತೆಗೆದರೆ ಭಾರ ಮುಂದಕ್ಕೆ ಬಂದು ಹಿಂಚಕ್ರ ಹಗುರಾಗುತ್ತದೆ. ಮೂಲ ಬಾರ್ ಇದ್ದಾಗ ಇದು ಗಮನಕ್ಕೇ ಬರುತ್ತಿರಲಿಲ್ಲ, ಈಗ ಬಾಲ ಅಲುಗುತ್ತದೆ. ಸಿಲ್ವರ್ ಓಕ್ ಎಲೆ ಕೊಳೆತು ಅಂಟಿದ ತಿರುವಿನಲ್ಲಿ, ತಿತಿಮತಿ ಅಥವಾ ಸಿದ್ದಾಪುರದ ಆಸುಪಾಸಿನಲ್ಲಿ ತಿರುವು ದಾಟುತ್ತಲೇ ಆನೆ ಕಂಡಾಗ, ಎಲ್ಲರೂ ಮಾಡುವುದು ಅದನ್ನೇ, ಕಾಲು ತೆಗೆದು ಬ್ರೇಕ್ ಒತ್ತುವುದು. ಆದ್ದರಿಂದ ಇಎಸ್‌ಸಿ (ಕಾರು ಜಾರತೊಡಗಿದಾಗ ತಾನಾಗಿ ಬ್ರೇಕ್ ಹಾಕಿ ಸರಿಪಡಿಸುವ ವ್ಯವಸ್ಥೆ) ಯಾವತ್ತೂ ಆನ್ ಇರಲಿ, ಹಿಂದಿನ ಟೈರುಗಳು ಮುಂದಿನವಕ್ಕಿಂತ ಸವೆದಿರಬಾರದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಿಂಕ್ ತುದಿಯ ತೂತಿನಲ್ಲೇ ಇರಲಿ. ಮನೆಯಲ್ಲಿ ಕಾರು ಓಡಿಸುವ ಇನ್ನೊಬ್ಬರಿದ್ದರೆ ಬದಲಾವಣೆ ಮಾಡಿದ್ದನ್ನು ಅವರಿಗೆ ಹೇಳಿ. ಇದನ್ನು ಮರೆಯುವವರೇ ಹೆಚ್ಚು.

ಬೇಸಿಗೆಯಲ್ಲಿ ಒಂದು ತೂತು ಒಳಕ್ಕೆ ತಂದು ನೋಡಬಹುದು. ಗುಂಡಿ ರಸ್ತೆಯಲ್ಲಿ ತಲೆ ಕುಕ್ಕುವುದು ಸಹಿಸಲಾಗದಿದ್ದರೆ, ಇಲ್ಲವೇ ಇಎಸ್‌ಸಿ ದೀಪ ಮೊದಲಿಗಿಂತ ಹೆಚ್ಚು ಸಲ ಮಿನುಗುತ್ತಿದ್ದರೆ ಹಿಂದಕ್ಕೆ ಹಾಕಿ.

ಸದ್ದು ಬಂದರೆ

ಕಿರ್ ಎಂಬ ಸದ್ದು, ಅದರಲ್ಲೂ ಚಳಿಯ ಬೆಳಿಗ್ಗೆ ಎಸ್ಟೇಟ್ ಗೇಟು ದಾಟುವಾಗ, ಒಣಗಿದ ಬುಶ್. ಗ್ರೀಸ್ ಗನ್‌ನಿಂದ ಎರಡು ಒತ್ತು ಸಾಕು. ನಿಪ್ಪಲ್ ಇಲ್ಲದ ಕಿಟ್ ಆದರೆ ಬ್ರಾಕೆಟ್ ಬಿಚ್ಚಿ ಒರೆಸಿ ಮತ್ತೆ ಹಚ್ಚಬೇಕು. ತಿರುವಿನಲ್ಲಿ ಮಾತ್ರ ಕೇಳುವ ಟಣ್ ಎಂಬ ಲೋಹದ ಸದ್ದು ಬಾರ್ ಅಡ್ಡ ಸರಿದು ತೋಳು ಎಲ್ಲಿಗೋ ಬಡಿಯುತ್ತಿರುವುದು, ಕಾಲರ್ ನೋಡಿ. ಸಣ್ಣ ಕಲ್ಲುಗಳ ಮೇಲೆ ನಿಧಾನಕ್ಕೆ ಹೋಗುವಾಗಿನ ಲೊಡಲೊಡ ಹೆಚ್ಚಾಗಿ ಲಿಂಕ್‌ನದ್ದು.

ಮೇ ಕೊನೆಗೊಮ್ಮೆ, ಮಳೆ ನಿಂತ ಅಕ್ಟೋಬರ್‌ನಲ್ಲೊಮ್ಮೆ ಗ್ರೀಸ್ ಹಾಕಿ, ಲಿಂಕ್‌ನ ರಬ್ಬರ್ ಟೋಪಿಗಳನ್ನು ಒರೆಸಿ ನೋಡಿ. ಪ್ರೆಷರ್ ವಾಶರ್‌ನ ಧಾರೆಯನ್ನು ಈ ಟೋಪಿಗಳಿಗೆ ನೇರವಾಗಿ ಹಿಡಿಯಬೇಡಿ ಎಂದು ತೊಳೆಯುವ ಹುಡುಗರಿಗೆ ಹೇಳಿ. ಬಿಚ್ಚಿದ ಮೂಲ ಬಾರ್‌ಗೆ ಎಣ್ಣೆ ಸವರಿ, ಬ್ರಾಕೆಟ್ ಮತ್ತು ಬುಶ್ ಸಮೇತ ಗೋಣಿಚೀಲದಲ್ಲಿ ಸುತ್ತಿ ಗೋದಾಮಿನ ಒಣ ಮೂಲೆಯಲ್ಲಿಡಿ. ಕಾರು ಮಾರುವ ದಿನ ಕೊಳ್ಳುವವರು ಅದನ್ನು ಕೇಳಿಯೇ ಕೇಳುತ್ತಾರೆ.